ಬೆರಳಿಗೆ ಕೆಂಪು ಹತ್ತುವ ತನಕ

ಬೇವೂರಿನ ಮಾರೆವ್ವನಿಗೆ ಗಡಿಯಾರ ನೋಡಲು ಬರುತ್ತದೆ. ಕ್ಯಾಲೆಂಡರ್ ಓದಲು ಬರುತ್ತದೆ. ಮಳೆ ಯಾವಾಗ ಎಂದು ಮೊಬೈಲ್ ಉಜ್ಜಿ ನೋಡುವುದನ್ನೂ ಮೊಮ್ಮಗಳಿಂದ ಕಲಿತಿದ್ದಾಳೆ. ಆದರೆ ಗಂಗಾವತಿ ಕಡೆ ಭತ್ತದ ನಾಟಿಗೆ ಹೋದ ಅವಳ ಗುಂಪು ಯಾವತ್ತು ಊರಿಗೆ ತಿರುಗಬೇಕು ಎಂದು ಹೇಳುವುದು ಇವುಗಳಲ್ಲಿ ಯಾವುದೂ ಅಲ್ಲ. ಅದನ್ನು ಹೇಳುವುದು ಒಂದು ರಂಜಕದ ಭರಣಿ.

ನಗಬೇಡಿ. ಗದ್ದೆಗಳ ಸಾವುಕಾರರು ನಕ್ಕಿದ್ದಾರೆ, ಗುಂಪಿನ ಹೆಂಗಸರ ಗಂಡಂದಿರು ನಕ್ಕಿದ್ದಾರೆ. ಕಡೆಗೆ ಎಲ್ಲರೂ ಆ ಭರಣಿಯ ಮುಂದೆ ಬಾಯಿ ಮುಚ್ಚಿಕೊಂಡಿದ್ದಾರೆ.

ಭರಣಿಯೇನೂ ದೊಡ್ಡದಲ್ಲ. ಕುತ್ತಿಗೆ ಕಂದು, ಹೊಟ್ಟೆ ಬಿಳಿ, ಒಂದು ಕಿವಿ ಯಾವಾಗಲೋ ಮುರಿದಿದೆ. ಸಂಕ್ರಾಂತಿ ಮುಗಿದ ಮೇಲೆ ಗುಂಪಿನ ಹದಿನಾಲ್ಕು ಮನೆಯವರೂ ಮನೆಗೊಂದಿಷ್ಟು ಹಸಿ ಕೆಂಪು ಮೆಣಸಿನಕಾಯಿ ತಂದು ಮಾರೆವ್ವನ ಅಂಗಳದಲ್ಲಿ ಸುರಿಯುತ್ತಾರೆ. ಉಪ್ಪು, ಬೆಳ್ಳುಳ್ಳಿ, ಮೆಂತ್ಯ ಹಾಕಿ ಒಂದೇ ಒರಳಿನಲ್ಲಿ ಸರದಿಯ ಮೇಲೆ ಕುಟ್ಟಿ, ನಿಂಬೆರಸ ಹಿಂಡಿ, ಭರಣಿಗೆ ಒತ್ತಿ ತುಂಬುತ್ತಾರೆ. ಬಾಯಿಗೆ ಹಳೆಯ ಧೋತರದ ತುಂಡು ಕಟ್ಟುತ್ತಾರೆ. ಆಮೇಲೆ ಕಾಲುವೆಗೆ ನೀರು ಬಿಟ್ಟ ಸುದ್ದಿ ಬರುವ ತನಕ ಆರು ತಿಂಗಳು ಅದನ್ನು ಯಾರೂ ಮುಟ್ಟುವಂತಿಲ್ಲ. ಸುದ್ದಿ ಬಂದ ಮೇಲೆ ಖಡಕ್ ರೊಟ್ಟಿಯ ಗಂಟುಗಳ ಜೊತೆ ಭರಣಿಯೂ ಊರಿನ ಖಲಂದರನ ಕ್ರೂಸರ್ ಗಾಡಿ ಹತ್ತುತ್ತದೆ. ಗಿಣಿಗೇರಾದ ಕಾರ್ಖಾನೆಯ ಹೊಗೆ ದಾಟಿ, ಹಿಟ್ನಾಳ ದಾಟಿ, ಹಸಿರು ಕಾಣುವವರೆಗೂ ಮಾರೆವ್ವನ ತೊಡೆಯ ಮೇಲಿಂದ ಅದು ಇಳಿಯುವುದಿಲ್ಲ.

ಗದ್ದೆಯ ಬದುವಿನ ಮೇಲೆ ಮಧ್ಯಾಹ್ನದ ಊಟಕ್ಕೆ ಮಾತ್ರ ಭರಣಿಯ ಬಾಯಿ ಬಿಚ್ಚುವುದು. ಅದರಲ್ಲಿ ರಂಜಕ ಇರುವ ತನಕ ಗುಂಪು ನಾಟಿ ಮಾಡುತ್ತದೆ. ಮುಗಿದ ದಿನ ಸಂಜೆಯವರೆಗೆ ದುಡಿದು, ಮರುದಿನ ಬೆಳಿಗ್ಗೆ ಗಾಡಿ ಹತ್ತುತ್ತದೆ. ಹೊಸ ರಂಜಕ ತಂದು ಸೇರಿಸುವಂತಿಲ್ಲ. ಮುಗಿಯಿತೋ ಇಲ್ಲವೋ ಎಂಬ ತಕರಾರು ಬಂದರೆ ಯಾರಾದರೂ ಒಳಗೆ ಬೆರಳು ಆಡಿಸಬಹುದು. ಬೆರಳಿಗೆ ಕೆಂಪು ಹತ್ತಿದರೆ ಭರಣಿ ಬರಿದಾಗಿಲ್ಲ. ಬೆರಳು ಬೆಳ್ಳಗೆ ಬಂದರೆ, ಸಾವುಕಾರನಲ್ಲ, ಅವನಪ್ಪ ಬಂದು ಕೈಮುಗಿದರೂ ಗುಂಪು ನಿಲ್ಲುವುದಿಲ್ಲ.

ಈ ಕಾಯಿದೆ ಮಾಡಿದವಳು ಮಾರೆವ್ವನೇ. ಸುಮ್ಮನೆ ಮಾಡಿದ್ದಲ್ಲ, ಅತ್ತು ಮಾಡಿದ್ದು. ಮೂವತ್ಮೂರು ವರ್ಷದ ಹಿಂದೆ, ಮದುವೆಯಾದ ವರ್ಷವೇ, ಒಬ್ಬ ಮೇಸ್ತ್ರಿಯ ಕೈಕೆಳಗೆ ಅವಳು ನಾಟಿಗೆ ಬಂದಿದ್ದಳು. ಮೊದಲ ಪಂಚಮಿ. ಕುಷ್ಟಗಿ ಕಡೆಯ ತವರಿನಲ್ಲಿ ಅಣ್ಣ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದ. ಮೇಸ್ತ್ರಿ ದಿನಾ ಸಂಜೆ ಒಂದೇ ಮಾತು ಹೇಳುತ್ತಿದ್ದ: "ಇದೊಂದು ಗದ್ದಿ ಮುಗಿಸಿ ನಾಳಿ ಹೋಗೂಣು." ಆ ನಾಳೆ ಬರುವಷ್ಟರಲ್ಲಿ ಪಂಚಮಿ ಮುಗಿದು ಮೂರು ದಿನವಾಗಿತ್ತು. ತವರು ಮುಟ್ಟಿದಾಗ ಜೋಕಾಲಿಯ ಹಗ್ಗ ಬಿಚ್ಚಿ ಸುತ್ತಿಟ್ಟಿದ್ದರು. ತಾಯಿ ಎತ್ತಿಟ್ಟಿದ್ದ ಉಂಡಿ ಕಲ್ಲಾಗಿತ್ತು. ಆ ಉಂಡಿ ಕಡಿಯುತ್ತಾ ಅತ್ತದ್ದನ್ನು ಮಾರೆವ್ವ ಇವತ್ತಿಗೂ ಮರೆತಿಲ್ಲ. ಮುಂದೆ ತಾನೇ ಗುಂಪು ಕಟ್ಟಿದಾಗ, ಯಾರ ಬಾಯಿಮಾತಿಗೂ ಬಗ್ಗದ ಒಂದು ವಸ್ತು ಬೇಕು ಎಂದುಕೊಂಡಳು. ಭರಣಿ ಸಿಕ್ಕಿತು.

ಹದಿನೈದು ವರ್ಷ ಆ ಕಾಯಿದೆ ಅವಳ ಪರವಾಗಿಯೇ ನಡೆಯಿತು. ಹೋದ ಶ್ರಾವಣದಲ್ಲಿ ಮಾತ್ರ ಅದು ತಿರುಗಿ ಅವಳ ಕುತ್ತಿಗೆಗೇ ಬಂತು.

ಗಂಗಾವತಿ ಹತ್ತಿರ, ಕಾಲುವೆ ಬದಿಗೆ ರೈತರು ನೆಲೆಸಿದ ಒಂದು ಕ್ಯಾಂಪಿನ ಪಂಪಾಪತಿ ಸಾವುಕಾರರ ಹದಿನೈದು ಎಕರೆ ಪೂರ್ತಿ ನಾಟಿ ಮಾಡಿ ಕೊಡುತ್ತೇನೆ ಎಂದು ಮಾರೆವ್ವ ಫೋನಿನಲ್ಲಿ ಮಾತು ಕೊಟ್ಟಿದ್ದಳು. ಹನ್ನೊಂದು ದಿನದ ಕೆಲಸ. ಭರಣಿ ಹನ್ನೆರಡು ದಿನಕ್ಕೆ ಸಾಕು. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಮಳೆಗೆ ಲೆಕ್ಕ ಬರಬೇಕಲ್ಲ! ಹತ್ತು ಎಕರೆ ಮುಗಿದ ಮೇಲೆ ನಾಲ್ಕು ದಿನ ಜಡಿಮಳೆ ಹಿಡಿಯಿತು. ಗದ್ದೆಯಲ್ಲಿ ನೀರು ಮೊಳಕಾಲಿಗೆ ಬಂತು, ಕಿತ್ತು ಕಟ್ಟಿಟ್ಟ ಸಸಿಯ ಸೂಡುಗಳು ತೇಲಿದವು. ಹದಿನಾಲ್ಕು ಜನ ಪಂಪ್‌ಸೆಟ್ಟಿನ ಶೆಡ್ಡಿನಲ್ಲಿ ಕೂತು ಮಳೆ ನೋಡುತ್ತಾ ರೊಟ್ಟಿ ತಿಂದರು. ಕೆಲಸವಿಲ್ಲದ ಬಾಯಿಗೆ ರಂಜಕ ಇನ್ನೂ ರುಚಿ.

ಭಾನುವಾರ ಮಳೆ ನಿಂತಾಗ ಐದು ಎಕರೆ ಉಳಿದಿತ್ತು. ಭರಣಿಯ ತಳದಲ್ಲಿ ಎರಡು ಬೆರಳು ರಂಜಕ ಉಳಿದಿತ್ತು. ಬುಧವಾರ ರೊಟ್ಟಿ ಹಬ್ಬ, ಅದರ ಮರುದಿನ ನಾಗಚೌತಿ, ಶುಕ್ರವಾರ ಪಂಚಮಿ.

ಬೆಳಿಗ್ಗೆಯೇ ಪಂಪಾಪತಿ ಬೈಕಿನಲ್ಲಿ ಬಂದು ಬದುವಿನ ಮೇಲೆ ನಿಂತರು. ಕೆಟ್ಟ ಮನುಷ್ಯರೇನಲ್ಲ. ಆದರೆ ಸಸಿಮಡಿಯಲ್ಲಿ ಸಸಿ ಬಲಿಯುತ್ತಿದ್ದರೆ ಯಾವ ರೈತನ ನಾಲಿಗೆಯೂ ಮೆತ್ತಗಿರುವುದಿಲ್ಲ.

"ಏನವಾ ಮಾರೆವ್ವ, ಭರಣಿ ಏನಂತೈತಿ?"

"ಇನ್ನಾ ಐತ್ರಿ ಸಾವ್ಕಾರ್ರ."

"ಐತಿ ಅಂತೀ ಖರೆ, ನನ್ನ ಗದ್ದಿ ಅರ್ಧಕ್ಕ ಬಿಟ್ಟು ಹೋದ್ರ ಮುಂದಿನ ವರ್ಷ ನಾ ನಾಟಿ ಮಷಿನ್ ತರಸೋನ. ಬಾಜೂದವ್ರು ತರಸ್ಯಾರ ನೋಡು. ಅದಕ್ಕ ಹಬ್ಬಿಲ್ಲ, ಭರಣಿ ಇಲ್ಲ. ನಾ ತರಸಿದ್ರ ಕ್ಯಾಂಪಿನ ಮಂದಿ ಎಲ್ಲಾ ತರಸ್ತಾರ."

ಮಾರೆವ್ವ ತಲೆಯಾಡಿಸಿದಳು. ಅವರು ಹೇಳಿದ್ದು ಬೆದರಿಕೆಯಲ್ಲ, ಖರೆಯೇ ಎಂದು ಅವಳಿಗೆ ಗೊತ್ತಿತ್ತು. ಪಂಪಾಪತಿ ಬಿಟ್ಟರೆ ಕ್ಯಾಂಪೇ ಬಿಟ್ಟಂತೆ. ಕ್ಯಾಂಪು ಬಿಟ್ಟರೆ ಹದಿನಾಲ್ಕು ಹೆಂಗಸರಿಗೆ ಮುಂದಿನ ಮುಂಗಾರಿನಲ್ಲಿ ನಾಟಿ ಇಲ್ಲ. ಆಕಡೆ ಕೊಟ್ಟ ಮಾತು, ಈಕಡೆ ತಾನೇ ಮಾಡಿದ ಕಾಯಿದೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದಳು ಮಾರೆವ್ವ.

ಇನ್ನೊಂದು ಕಡೆ ಲಲಿತಾ. ಗುಂಪಿನ ಇನ್ನೊಂದು ಮನೆಗೆ ಸೊಸೆಯಾಗಿ ಬೇವೂರಿಗೆ ಬಂದು ಐದು ತಿಂಗಳಾಗಿತ್ತು. ಅವಳದೂ ಮೊದಲ ಪಂಚಮಿ. ಬುಧವಾರ ಸಂಜೆ ಅಣ್ಣ ಬೇವೂರಿಗೆ ಕರೆಯಲು ಬರುವವನಿದ್ದ. ಬಸ್ಸು ಹೆಂಗಸರಿಗೆ ಪುಕ್ಕಟೆಯಾದ ಮೇಲೆ ಒಬ್ಬಳೇ ಹೊರಟು ಹೋಗಲು ಏನೂ ಅಡ್ಡಿಯಿರಲಿಲ್ಲ. ಆದರೆ ಗುಂಪಿನಲ್ಲಿ ಬಂದವಳು ಗುಂಪಿನಲ್ಲೇ ಹೋಗಬೇಕು. ನಡುವೆ ಎದ್ದು ಹೋದವಳ ಮನೆಯ ಮೆಣಸಿನಕಾಯಿಯನ್ನು ಮರುವರ್ಷ ಒರಳಿಗೆ ಹಾಕುವುದಿಲ್ಲ. ಹಾಗಾಗಿ ಲಲಿತಾ ಬೇರೆ ಉಪಾಯ ಹೂಡಿದಳು.

ಭಾನುವಾರ ಮಧ್ಯಾಹ್ನ "ಇವತ್ತು ನಾ ಬಡಸ್ತೀನ್ರಿ" ಎಂದು ಚಮಚ ಕೈಗೆ ತಗೊಂಡಳು. ದಿನಾ ಗುಲಗಂಜಿಯಷ್ಟು ಬೀಳುತ್ತಿದ್ದ ರಂಜಕ ಅವತ್ತು ಲಿಂಬೆಹಣ್ಣಿನಷ್ಟು ಬಿತ್ತು. ಅವಳಂತೆಯೇ ಹಬ್ಬದ ಅವಸರದಲ್ಲಿದ್ದ ಏಳೆಂಟು ಜನ ಕಣ್ಣಲ್ಲಿ ಕಣ್ಣಿಟ್ಟು ನಗುತ್ತಾ ತಿಂದರು. ಬೇಗ ತಿಂದು ಮುಗಿಸಿದರೆ ಬೇಗ ಊರು. ನಾಲ್ಕು ತುತ್ತಿಗೆ ಕಣ್ಣು, ಮೂಗು, ಕಿವಿ ಎಲ್ಲದರಲ್ಲೂ ನೀರು. ಒಬ್ಬಳು ಕಾಲುವೆಗೆ ಬಾಯಿ ಹಚ್ಚಿದಳು. ಲಲಿತಾ ಮಾತ್ರ ಮುಖ ಕೆಂಪಾದರೂ ಬಿಡದೆ ಎರಡನೇ ಸಲ ಬಡಿಸಿಕೊಂಡಳು. ಹಟ ಅಂದರೆ ಹಟ.

ಮಾರೆವ್ವ ನೋಡಿದಳು. ನೋಡಿಯೂ ಬೈಯಲಿಲ್ಲ. "ತಿನ್ರವ್ವ, ಹೊಟ್ಟಿಗೆ ಹೋದದ್ದೇನು ಲುಕ್ಸಾನಲ್ಲ" ಎಂದಳು. ಮನಸ್ಸಿನಲ್ಲಿ ಮಾತ್ರ ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ತನ್ನ ಮೊದಲ ಪಂಚಮಿಯಲ್ಲಿ ಭರಣಿಯೊಂದು ಇದ್ದಿದ್ದರೆ ತಾನೂ ಹೀಗೆಯೇ ತಿನ್ನುತ್ತಿದ್ದೆ ಅನ್ನಿಸಿತು.

ಊಟ ಮುಗಿದಾಗ ಗುಂಪಿನ ಹಿರಿಯಳು ಶೇಖರಮ್ಮ ಭರಣಿಯೊಳಗೆ ಇಣುಕಿ, "ಮುಗೀತು ಬಿಡು ಮಾರಿ. ನಾಳಿ ಹೊರಡೂಣು" ಎಂದಳು.

"ಬೆರಳು ಆಡಸು ಶೇಖರಮ್ಮಕ್ಕ."

ಶೇಖರಮ್ಮ ಬೆರಳು ಆಡಿಸಿದಳು. ತಳದಲ್ಲಿ ಏನೂ ಇರಲಿಲ್ಲ, ಆದರೆ ಗೋಡೆಗೆ ಅಂಟಿದ್ದು ಬೆರಳಿನ ತುಂಬ ಬಂತು. ಕಾಯಿದೆಯ ಪ್ರಕಾರ ಭರಣಿ ಬರಿದಾಗಿರಲಿಲ್ಲ. ಸೋಮವಾರವೂ ಗುಂಪು ನಿಂತಿತು.

ಸೋಮವಾರ ಮಾರೆವ್ವ ಹುರಿದ ಶೇಂಗಾವನ್ನು ಬದುವಿನ ಕಲ್ಲಿನ ಮೇಲೆ ಅರೆದಳು. ನಾಲ್ಕು ಉಳ್ಳಾಗಡ್ಡಿ ಜಜ್ಜಿದಳು. ಎರಡನ್ನೂ ಭರಣಿಗೆ ಸುರಿದು, ಬಾಯಿ ಮುಚ್ಚಿ, ಕೂಸನ್ನು ಆಡಿಸುವಂತೆ ಕುಲುಕಿದಳು.

"ಇದು ಮೋಸ ಆತು ಅತ್ತಿ!" ಎಂದಳು ಲಲಿತಾ. "ಭರಣಿಗೆ ಏನೂ ಕೂಡಿಸಬಾರದಲ್ರೀ?"

"ರಂಜಕಕ್ಕ ರಂಜಕ ಕೂಡಿಸಬಾರದು ತಂಗಿ. ಶೇಂಗಾ ಕೂಡಿಸಬಾರದಂತ ಯಾರು ಹೇಳ್ಯಾರ?"

ಹದಿನಾಲ್ಕು ಉಂಡೆ ಬಂತು. ಮೊದಲ ತುತ್ತಿಗೇ ಎಲ್ಲರೂ ಇನ್ನೊಂದು ರೊಟ್ಟಿ ಮುರಿದರು. ಶೇಂಗಾದ ಎಣ್ಣೆ ಖಾರವನ್ನು ತಣ್ಣಗೆ ಹಿಡಿದಿತ್ತು, ಉಳ್ಳಾಗಡ್ಡಿಯ ರಸ ಹುಳಿಯನ್ನು ಎತ್ತಿತ್ತು. ಹಬ್ಬದ ಅವಸರದವರೂ ಬೆರಳು ಚೀಪಿದರು. ಮಧ್ಯಾಹ್ನದ ಮೇಲೆ ಕೈಗಳು ತಾವಾಗಿಯೇ ಜೋರಾದವು. ಸಂಜೆ ಕಾಲು ತೊಳೆಯುವಾಗ ಒಬ್ಬಳು ಮೆಲ್ಲಗೆ ಕೇಳಿದಳು, "ನಾಳಿ ಏನು ಮಾಡ್ತೀಯಬೇ ಮಾರೆವ್ವಕ್ಕ?"

ಮಾರೆವ್ವ ಭರಣಿಯೊಳಗೆ ಇಣುಕಿದಳು. ಅವಳಿಗೇ ಗೊತ್ತಿರಲಿಲ್ಲ. ಭರಣಿಯಲ್ಲಿ ಈಗ ಒಂದು ಕೆಂಪು ಪದರ ಬಿಟ್ಟರೆ ಏನೂ ಇರಲಿಲ್ಲ.

ಮಂಗಳವಾರ ಅವಳು ಶೆಡ್ಡಿನ ಒಲೆಯ ಮೇಲೆ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಹಾಕಿ, ಹದವಾಗಿ ಆರಿಸಿ ಭರಣಿಗೆ ಹೊಯ್ದಳು. ಭರಣಿಯನ್ನು ಮಲಗಿಸಿ ಉರುಳಿಸಿದಳು. ಗೋಡೆಯಲ್ಲಿದ್ದ ಕೆಂಪೆಲ್ಲ ಎಣ್ಣೆಗೆ ಇಳಿಯಿತು. ಮೇಲಿಂದ ಬಿಸಿ ಅನ್ನ ಹಾಕಿ ಸೌಟಿನ ಹಿಡಿಕೆಯಿಂದ ಸುತ್ತಲೂ ಒರೆಸಿದಳು. ಹೊರಗೆ ತೆಗೆದಾಗ ಅನ್ನ ಕುಂಕುಮದ ಬಣ್ಣವಾಗಿತ್ತು. ಮೊದಲ ತುತ್ತನ್ನು ಎಲ್ಲರಿಗಿಂತ ಚಿಕ್ಕವಳ ಕೈಗೆ ಇಡುವುದು ರೂಢಿ. ಲಲಿತಾ ಕೈ ಚಾಚಿದಳು, ತಲೆ ಎತ್ತಲಿಲ್ಲ.

"ಈಕಿಗೆ ನಮ್ಮ ಮ್ಯಾಲ ಸಿಟ್ಟು" ಎಂದು ಮಾರೆವ್ವ ನಕ್ಕಳು.

ಆಮೇಲೆ ಮಾರೆವ್ವ ಪಾತ್ರೆ ತೊಳೆಯಲು ಕಾಲುವೆಗೆ ಹೋದಾಗ, ಶೇಖರಮ್ಮ ಲಲಿತಾಳ ಪಕ್ಕ ಕೂತಳು. ಮೇಸ್ತ್ರಿಯ ನಾಳೆಗಳ ಕಥೆ, ಬಿಚ್ಚಿಟ್ಟ ಹಗ್ಗದ ಕಥೆ, ಕಲ್ಲಾದ ಉಂಡಿಯ ಕಥೆ ಎಲ್ಲ ಹೇಳಿದಳು. "ಈ ಭರಣಿ ಯಾಕ ಐತಿ ಅಂತ ತಿಳದೀ? ನಿನ್ನಂಥಾಕಿ ಪಂಚಮಿಗೆ ಮನಿ ಮುಟ್ಟಲಿ ಅಂತ ಐತಿ" ಎಂದಳು. ಲಲಿತಾ ಕೈ ತೊಳೆದು ಗದ್ದೆಗಿಳಿದಳು. ಅವತ್ತು ಅವಳ ಸಾಲಿನಲ್ಲಿ ನೆಟ್ಟ ಸಸಿ ಎಲ್ಲರಿಗಿಂತ ಮುಂದಿತ್ತು.

ಆದರೂ ಸಂಜೆ ಅರ್ಧ ಎಕರೆ ಉಳಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ. ಎಲ್ಲರೂ ಸುತ್ತ ನಿಂತಿರುವಾಗ ಮಾರೆವ್ವ ತಾನೇ ಭರಣಿಯೊಳಗೆ ಬೆರಳು ಹಾಕಿ ಸುತ್ತಲೂ ಆಡಿಸಿ ತೆಗೆದಳು. ಬೆರಳು ಬೆಳ್ಳಗಿತ್ತು. ಒಂದು ಸುಳ್ಳು ಹೇಳಿದ್ದರೆ, ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು "ಐತಿ" ಅಂದಿದ್ದರೆ, ಯಾರೂ ಮುಂದೆ ಬಂದು ನೋಡುತ್ತಿರಲಿಲ್ಲ. ಅವಳು ಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಮುಗೀತವ್ವ. ಖಲಂದರಗ ಫೋನ್ ಹಚ್ರಿ."

ಬುಧವಾರ ಬೆಳಿಗ್ಗೆ ಕ್ರೂಸರ್ ಬಂದು ನಿಂತಿತು. ಗಂಟುಗಳು ಮೇಲೆ ಏರಿದವು. ಲಲಿತಾಳ ಚೀಲ ಎಲ್ಲಕ್ಕಿಂತ ಮೊದಲೇ ಏರಿತ್ತು. ಪಂಪಾಪತಿ ಬೈಕು ನಿಲ್ಲಿಸಿ, ಉಳಿದ ಅರ್ಧ ಎಕರೆಯ ಮಡಿಯನ್ನು ನೋಡಿದರು. ಬದುವಿನ ಮೇಲೆ ಸಸಿಯ ಸೂಡುಗಳು ಹಾಗೇ ಬಿದ್ದಿದ್ದವು.

"ನಾಲ್ಕೂವರಿ ಎಕರೆ ಮೂರು ದಿನದಾಗ ಹಚ್ಚೀರಿ. ಇಲ್ಲ ಅನ್ನಂಗಿಲ್ಲ" ಎಂದರು. "ಆದ್ರ ಅರ್ಧ ಬಿಟ್ರೂ ಬಿಟ್ಟಂಗ ಮಾರೆವ್ವ. ಮಾತಂದ್ರ ಮಾತು."

"ಹೌದ್ರಿ" ಎಂದಳು ಮಾರೆವ್ವ. "ನಿಮಗ ಕೊಟ್ಟ ಮಾತು ಉಳಿಸಿಕೊಳ್ಳಾಕ ಆಗಲಿಲ್ಲ. ಇವರಿಗೆ ಕೊಟ್ಟ ಮಾತರ ಉಳೀಲಿ."

ಹೇಳಿ ಭರಣಿ ಎತ್ತಿಕೊಂಡಳು. ಅಷ್ಟರಲ್ಲಿ ಕ್ರೂಸರಿನಿಂದ ಲಲಿತಾ ಇಳಿದು ಬಂದಳು. ಬಂದವಳು ಶೆಡ್ಡಿನ ಗೂಟಕ್ಕೆ ಒಗೆಯಲೆಂದು ನೇತುಹಾಕಿದ್ದ ಭರಣಿಯ ಬಾಯಿಬಟ್ಟೆಯನ್ನು, ಆ ಹಳೆಯ ಧೋತರದ ತುಂಡನ್ನು, ಎಳೆದುಕೊಂಡಳು. ಏಳು ತಿಂಗಳು ಭರಣಿಯ ಬಾಯಿಗೆ ಕೂತು ಖಾರ, ಹುಳಿ, ಉಪ್ಪು ಎಲ್ಲ ಕುಡಿದ ಬಟ್ಟೆ ಅದು. ಲಲಿತಾ ಅದನ್ನು ಒಂದು ಬೆರಳಿನಿಂದ ಒತ್ತಿ, ಬೆರಳನ್ನು ಮಾರೆವ್ವನ ಮುಖದ ಮುಂದೆ ಹಿಡಿದಳು.

"ನೋಡ್ರಿ ಅತ್ತಿ. ಕೆಂಪು ಹತ್ತೈತಿ."

"ಅದು ಬಾಯಿಗೆ ಕಟ್ಟೋ ಅರಿವಿ ಐತಿಬೇ" ಎಂದಳು ಶೇಖರಮ್ಮ. "ಭರಣಿ ಅಲ್ಲ."

"ಬಾಯಿ ಭರಣೀದಲ್ಲೇನ್ರಿ? ಹಂಗಂದ್ರ ನಿಮ್ಮ ಬಾಯಿ ನಿಮ್ದಲ್ಲೇನ್ರಿ ಶೇಖರಮ್ಮತ್ತಿ?"

ಕ್ರೂಸರಿನೊಳಗಿದ್ದವರು ನಕ್ಕರು. ಮಾರೆವ್ವ ನಗಲಿಲ್ಲ. "ಲಲಿತಾ, ಸಂಜೀಕ ನಿಮ್ಮಣ್ಣ ಬರ್ತಾನ" ಎಂದಳು.

"ಸಂಜೀಕ ಬರ್ತಾನ್ರಿ, ಮಧ್ಯಾಹ್ನಕ್ಕಲ್ಲ. ಅರ್ಧ ಎಕರೆ ಅಂದ್ರ ಹದಿನಾಲ್ಕು ಮಂದಿಗೆ ಎಷ್ಟರದ್ರಿ? ಖಲಂದರಣ್ಣ ಸ್ವಲ್ಪ ಜೋರು ಹೊಡೀತಾನ."

ಆದರೂ ಮಾರೆವ್ವ ಕಾಯಿದೆ ಬಿಡಲಿಲ್ಲ. ಒಬ್ಬಳ ಬೆರಳು ಸಾಲದು, ಎಲ್ಲರೂ ಒಪ್ಪಬೇಕು ಎಂದಳು. ಬಟ್ಟೆಯನ್ನು ಕ್ರೂಸರಿನ ಬಾಗಿಲಿಗೆ ಒಯ್ದು ಹಿಡಿದಳು. ಒಬ್ಬೊಬ್ಬರಾಗಿ ಇಳಿದು ಬಂದು ಬೆರಳು ಒತ್ತಿದರು. ತಕರಾರು ತೆಗೆದಿದ್ದ ಶೇಖರಮ್ಮ ಎಲ್ಲರಿಗಿಂತ ಜೋರಾಗಿ ಒತ್ತಿದಳು. ಕಡೆಗೆ ಮಾರೆವ್ವನೂ ಒತ್ತಿದಳು. ಹದಿನಾಲ್ಕು ಬೆರಳು ಕೆಂಪು.

"ನಂದೂ ಒಂದು ಹಚ್ಚಲೇನ್ರಿ ಮಾರೆವ್ವಕ್ಕ?" ಎಂದ ಖಲಂದರ.

"ನೀ ಗಾಡಿ ತಿರುವಿ ನಿಲ್ಲಿಸಪ್ಪ ಮೊದಲ!" ಎಂದು ಮಾರೆವ್ವ ಸೀರೆ ಎತ್ತಿ ಕಟ್ಟಿದಳು. ಹದಿನೈದು ವರ್ಷ ಆ ಭರಣಿಯನ್ನು ಅವಳೊಬ್ಬಳೇ ಹೊತ್ತಿದ್ದಳು. ಅವತ್ತು ಮೊದಲ ಸಲ ಬೇರೆ ಕೈ ಅದಕ್ಕೆ ಹತ್ತಿತು.

ಹಬ್ಬದ ಸೀರೆ ಉಟ್ಟವರು ಉಟ್ಟಂತೆಯೇ ರಾಡಿಗಿಳಿದರು. ಆ ಅರ್ಧ ಎಕರೆಯನ್ನು ಅವರು ನೆಟ್ಟದ್ದನ್ನು ನೋಡಬೇಕಿತ್ತು! ಸೂಡು ಬಿಚ್ಚುವ ಕೈ ಕಾಣಲಿಲ್ಲ, ಊರುವ ಕೈ ಕಾಣಲಿಲ್ಲ, ಹಸಿರು ಸಾಲು ಮಾತ್ರ ಹಿಂದೆ ಹಿಂದೆ ಸರಿಯುತ್ತಿತ್ತು. ಶೇಖರಮ್ಮ ಪಂಚಮಿಯ ಪದ ಎತ್ತಿದಳು, ಉಳಿದವರು ಸೊಲ್ಲು ಹಿಡಿದರು. ಪಂಪಾಪತಿ ಸ್ವಲ್ಪ ಹೊತ್ತು ನಿಂತು ನೋಡಿ ಬೈಕು ಹತ್ತಿ ಹೋದರು. ತಿರುಗಿ ಬಂದಾಗ ಬೈಕಿನ ಹಿಂದೆ ಒಂದು ಕ್ಯಾನ್ ಮಜ್ಜಿಗೆ ಇತ್ತು. ಕಡೆಯ ಸಸಿಯನ್ನು ಮೂಲೆಯಲ್ಲಿ ಲಲಿತಾ ಊರಿದಾಗ ಇನ್ನೂ ಹನ್ನೊಂದೂವರೆ.

ಮಾರೆವ್ವ ಮಜ್ಜಿಗೆಯನ್ನು ಭರಣಿಗೆ ಹೊಯ್ದು, ಬಾಯಿಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿದಳು. ಮತ್ತೆ ಅದ್ದಿದಳು, ಮತ್ತೆ ಹಿಂಡಿದಳು. ಬಿಳಿ ಮಜ್ಜಿಗೆ ನಸುಗೆಂಪಾಯಿತು. ಲೋಟ ಒಂದೇ. ಹದಿನಾಲ್ಕು ಜನ ಕುಡಿದರು, ಖಲಂದರ ಕುಡಿದ. ಕಡೆಗೆ ಮಾರೆವ್ವ ಲೋಟವನ್ನು ಪಂಪಾಪತಿಯವರ ಮುಂದೆ ಹಿಡಿದಳು. ಅವರು ಒಂದೇ ಗುಟುಕಿಗೆ ಎತ್ತಿದರು, ನೆತ್ತಿಗೇರಿತು, ಕಣ್ಣಲ್ಲಿ ನೀರು ಬಂತು. ಮೀಸೆ ಒರೆಸಿಕೊಂಡು ನಕ್ಕರು.

"ಬರೂ ವರ್ಷನೂ ನೀವ ಬರ್ರಿ. ಮಷಿನ್ ಬ್ಯಾಡ. ಆದ್ರ ಭರಣಿ ಒಂದೀಟು ದೊಡ್ಡದು ತರ್ರಿ ಮತ್ತ."

"ಭರಣಿ ಇದ ಇರತೈತ್ರಿ ಸಾವ್ಕಾರ್ರ. ಮಳಿಗೆ ಹೇಳ್ರಿ ಬೇಕಾದ್ರ" ಎಂದಳು ಮಾರೆವ್ವ.

ಭರಣಿಯನ್ನು ಅವಳು ಕಾಲುವೆಯಲ್ಲಿ ತೊಳೆದು, ಎಲ್ಲರ ಎದುರಿಗೆ ಬದುವಿನ ಮೇಲೆ ಬೋರಲು ಹಾಕಿದಳು. ಒಂದು ಹನಿಯೂ ಕೆಂಪು ಬೀಳಲಿಲ್ಲ. ಹೆಂಗಸರು ಕೇಕೆ ಹಾಕಿದರು. ಬಾಜೂ ಗದ್ದೆಯಲ್ಲಿ ನಾಟಿ ಯಂತ್ರ ನಡೆಸುತ್ತಿದ್ದವನು ಏನಾಯಿತೆಂದು ಯಂತ್ರ ನಿಲ್ಲಿಸಿ ನೋಡಿದ.

ಖಲಂದರ ಜೋರಾಗಿಯೇ ಹೊಡೆದ. ಬೇವೂರು ಮುಟ್ಟಿದಾಗ ಬಿಸಿಲಿನ್ನೂ ಇಳಿದಿರಲಿಲ್ಲ. ಲಲಿತಾ ಮೈ ತೊಳೆದು, ಬೇರೆ ಸೀರೆ ಉಟ್ಟು, ರೊಟ್ಟಿ ತಿಂದು ಕೂತ ಮೇಲೆ ಅಣ್ಣ ಬಂದ. ಹೊರಡುವಾಗ ಅವಳು ಮಾರೆವ್ವನ ಮನೆಯ ಮುಂದೆ ಬೈಕು ನಿಲ್ಲಿಸಲು ಅಣ್ಣನಿಗೆ ಹೇಳಿ, ಒಳಗೆ ಬಂದು ಬಾಯಿಬಟ್ಟೆ ಕೇಳಿದಳು.

"ಅದನ್ನೇನು ಮಾಡ್ತೀಯವ್ವ? ಹರದು ಹೋಗೈತಿ. ಬ್ಯಾರೇದು ಹರದರಾತು."

"ಇದನ್ನ ಹೊಲದು ತರ್ತೀನ್ರಿ ಅತ್ತಿ. ಸಂಕ್ರಾಂತಿ ಆದಮ್ಯಾಲ ಕುಟ್ಟೋ ದಿನ ನಾನ ಕಟ್ತೀನಿ. ಎರಡು ಮಡಿಕಿ ಮಾಡಿ ಕಟ್ತೀನಿ, ಕೆಂಪು ಇನ್ನಾ ಹೆಚ್ಚು ಕುಡೀಲಿ."

ಪಂಚಮಿಯ ದಿನ ಮಧ್ಯಾಹ್ನ ಮಾರೆವ್ವನ ಮೊಬೈಲಿಗೆ ಒಂದು ಫೋಟೋ ಬಂತು. ಬೇವಿನ ಮರ, ದಪ್ಪ ಹಗ್ಗ, ಜೋಕಾಲಿಯ ಮೇಲೆ ಲಲಿತಾ. ಕಾಲುಗಳು ಆಕಾಶದಲ್ಲಿದ್ದವು, ಬಾಯಿ ತೆರೆದು ನಗುತ್ತಿದ್ದಳು. ಮಾರೆವ್ವ ಆ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಹಗ್ಗ ನೋಡಿದಳು, ಕೊಂಬೆ ನೋಡಿದಳು, ಮುಖ ನೋಡಿದಳು. ಆಮೇಲೆ ಶೇಖರಮ್ಮನ ಮನೆಗೆ ಹೋಗಿ ತೋರಿಸಿದಳು. "ನೋಡು ಶೇಖರಮ್ಮಕ್ಕ, ಜೋಕಾಲಿ ಬಿಚ್ಚೋದರಾಗ ಮುಟ್ಟೀವಿ" ಎಂದಳು. ಅಲ್ಲಿಂದ ಮುಂದೆ ಓಣಿಯ ಇನ್ನೂ ಹನ್ನೊಂದು ಮನೆಗೆ ಹೋಗಿ ಅದನ್ನೇ ತೋರಿಸಿದಳು.